ಕ್ಲಿಕ್‌ನಿಂದ ಡೇಟಾಬೇಸ್‌ವರೆಗೆ: ಟ್ರೇಸಿಂಗ್ ಎಕ್ಸ್‌ಟೆನ್ಶನ್ ಬಳಸಿದ ಅನುಭವ

ಒಂದು ರಿಕ್ವೆಸ್ಟ್ ಯಾವ್ಯಾವ ಸರ್ವಿಸ್ ದಾಟಿತು, ಎಲ್ಲಿ ಎಷ್ಟು ಹೊತ್ತು ಹಿಡಿಯಿತು ಎಂಬ ಜಾಡನ್ನು (ಟ್ರೇಸ್) ತೋರಿಸುವ ಟೂಲ್ ಜಿಪ್‌ಕಿನ್. ಅದರ ಜೊತೆ ಕೆಲಸ ಮಾಡುವ ಬ್ರೌಸರ್ ಎಕ್ಸ್‌ಟೆನ್ಶನ್ ಒಂದನ್ನು ಕೆಲವು ವರ್ಷಗಳಿಂದ ಬಳಸುತ್ತಿದ್ದೇನೆ. 5ಕ್ಕೆ 4 ಅಂಕ ಕೊಡುತ್ತೇನೆ. ಅಷ್ಟೂ ಅಂಕ ಸ್ಯಾಂಪ್ಲಿಂಗ್ ಸಮಸ್ಯೆಯನ್ನು ಅದು ಬಿಡಿಸಿಕೊಟ್ಟಿದ್ದಕ್ಕೆ.

ದಟ್ಟಣೆ ಹೆಚ್ಚಿರುವ ಕಡೆ ಪ್ರತಿ ರಿಕ್ವೆಸ್ಟಿನ ಟ್ರೇಸ್ ಉಳಿಸಿಕೊಳ್ಳುವುದು ದುಬಾರಿ. ನೂರಕ್ಕೊಂದೋ ಸಾವಿರಕ್ಕೊಂದೋ ಇಟ್ಟುಕೊಂಡು ಉಳಿದದ್ದನ್ನು ಬಿಟ್ಟುಬಿಡುತ್ತಾರೆ, ಇದೇ ಸ್ಯಾಂಪ್ಲಿಂಗ್. ಪುಟ ಕಣ್ಣೆದುರೇ ತಡವರಿಸಿದರೂ ಆ ರಿಕ್ವೆಸ್ಟಿನ ಟ್ರೇಸ್ ಸಿಗುವ ಖಾತ್ರಿ ಇರುವುದಿಲ್ಲ. ಎಕ್ಸ್‌ಟೆನ್ಶನ್ ಆನ್ ಮಾಡಿದರೆ ರಿಕ್ವೆಸ್ಟ್ ಬ್ರೌಸರ್ ಬಿಡುವಾಗಲೇ ಅದರ ಜೊತೆ ಟ್ರೇಸ್ ಐಡಿ, ಸ್ಪ್ಯಾನ್ ಐಡಿ (ಟ್ರೇಸ್‌ನ ಒಂದು ಹಂತದ ಗುರುತು) ಮತ್ತು ಇದರ ಟ್ರೇಸ್ ಉಳಿಸಿಕೊಳ್ಳಿ ಎನ್ನುವ 'ಎಕ್ಸ್-ಬಿ3-ಸ್ಯಾಂಪಲ್ಡ್: 1' ಎಂಬ ಹೆಡರ್ (ರಿಕ್ವೆಸ್ಟಿಗೆ ಅಂಟಿಸಿದ ಚೀಟಿಯಂಥದ್ದು) ಹೋಗುತ್ತವೆ. ಬಿ3, ಅಂದರೆ ಜಿಪ್‌ಕಿನ್‌ನ ಈ ಹೆಡರ್ ಪದ್ಧತಿ, ಅರ್ಥವಾಗುವ ಸರ್ವಿಸ್‌ಗಳು ಆ ತೀರ್ಮಾನವನ್ನೇ ಮುಂದಕ್ಕೆ ದಾಟಿಸುತ್ತವೆ. ಐಡಿ ಹಾಕಿ ಹುಡುಕಿದರೆ ನಾನು ಒತ್ತಿದ ಆ ಬಟನ್‌ನ ಪೂರ್ತಿ ಜಾಡು ಸಿಗುತ್ತದೆ. ಒಂದೊಂದೇ ನೋಡಿದರೆ ಚುರುಕಾಗಿಯೇ ಇರುವ ಡೇಟಾಬೇಸ್ ಕ್ವೆರಿಗಳು, ಒಂದು ಮುಗಿದ ಮೇಲೆ ಇನ್ನೊಂದು ಎಂಬಂತೆ ಮೆಟ್ಟಿಲುಮೆಟ್ಟಿಲಾಗಿ ಇಳಿಯುವುದು ಇಲ್ಲಿ ಎದ್ದು ಕಾಣುತ್ತದೆ. ಬಿಡಿ ಲಾಗ್‌ಗಳಲ್ಲಿ ಇದು ಸುಲಭಕ್ಕೆ ಹೊಳೆಯುವುದಿಲ್ಲ. ಬ್ಯಾಕೆಂಡ್ ತಂಡಕ್ಕೆ 'ನಿಧಾನವಾಗಿದೆ' ಎಂದು ಬರೆಯುವ ಬದಲು ಆ ಐಡಿ ಕಳಿಸಿದರೆ ಅರ್ಧ ವಾದ ಅಲ್ಲೇ ಮುಗಿಯುತ್ತದೆ.

ಒಂದು ಅಂಕ ಕಡಿಮೆಯಾದದ್ದು ಕ್ರೋಮ್ ಎಕ್ಸ್‌ಟೆನ್ಶನ್‌ಗಳಿಗೆ ಹಾಕಿರುವ ಮ್ಯಾನಿಫೆಸ್ಟ್ ವಿ3 ನಿಯಮದಿಂದ. ಹಿಂದೆ ಪ್ರತಿ ರಿಕ್ವೆಸ್ಟನ್ನೂ ಕೋಡ್‌ನಲ್ಲಿ ತಡೆದು ಹೊಸ ಐಡಿ ಸೇರಿಸಬಹುದಿತ್ತು. ಈಗ ಸಾಮಾನ್ಯ ಎಕ್ಸ್‌ಟೆನ್ಶನ್‌ಗಳು ಹೆಡರ್‌ನ ಮೌಲ್ಯವನ್ನು ನಿಯಮವಾಗಿ ಮೊದಲೇ ಬರೆದಿಡಬೇಕು. ನಿಯಮ ಬದಲಿಸುವವರೆಗೆ ಹಲವು ರಿಕ್ವೆಸ್ಟ್‌ಗಳು ಒಂದೇ ಐಡಿ ಹೊತ್ತು ಹೋಗಿ ಟ್ರೇಸ್ ಕಲಸುಮೇಲೋಗರವಾಗುತ್ತದೆ. ಫೈರ್‌ಫಾಕ್ಸ್ ಹಳೆಯ ದಾರಿಯನ್ನು ಉಳಿಸಿಕೊಂಡಿದೆ. ಈ ಕೆಲಸಕ್ಕೆ ನಾನು ಅದನ್ನೇ ತೆರೆಯುತ್ತೇನೆ.

ಹೊಸ ಸಿಸ್ಟಮ್‌ಗಳಾದರೆ ಬಿ3 ಬದಲು 2020ರಲ್ಲಿ ವೆಬ್ ಮಾನದಂಡಗಳ ಸಂಸ್ಥೆ ಡಬ್ಲ್ಯು3ಸಿಯ ಶಿಫಾರಸಾದ 'ಟ್ರೇಸ್‌ಪೇರೆಂಟ್' ಹೆಡರ್‌ಗೆ ಬೆಂಬಲ ಇದೆಯೇ ನೋಡಿಕೊಳ್ಳಿ.

ಸುರಕ್ಷತೆಯ ವಿಷಯದಲ್ಲಿ ಮಾತ್ರ ಸಡಿಲ ಬೇಡ. ಹೆಡರ್ ನಿಮ್ಮ ಡೊಮೇನ್‌ಗಳಿಗಷ್ಟೇ ಹೋಗುವಂತೆ ಕಟ್ಟಿಹಾಕಿ, ಜಾಹೀರಾತು ಸರ್ವರ್‌ಗಳಿಗೆ ಅದು ಬೇಕಿಲ್ಲ. ಹೊರಗಿನವರಿಂದ ಬರುವ ಸ್ಯಾಂಪ್ಲಿಂಗ್ ಹೆಡರ್‌ಗಳನ್ನು ಗೇಟ್‌ವೇ (ಹೊರಗಿನ ರಿಕ್ವೆಸ್ಟ್‌ಗಳು ಮೊದಲು ತಲುಪುವ ಸರ್ವರ್) ಕಿತ್ತುಹಾಕಬೇಕು. ಇಲ್ಲದಿದ್ದರೆ ಯಾರು ಬೇಕಾದರೂ ನಿಮ್ಮ ಟ್ರೇಸ್ ಸಂಗ್ರಹವನ್ನು ತುಂಬಿಸಬಹುದು. ನಮ್ಮಲ್ಲಿ ಒಳಗಿನ ನೆಟ್‌ವರ್ಕ್‌ನಿಂದ ಬಂದದ್ದಕ್ಕೆ ಮಾತ್ರ ಅವಕಾಶವಿದೆ.

ಇನ್ನು, ಮೆಸೇಜ್ ಕ್ಯೂ (ಸರ್ವಿಸ್‌ಗಳ ನಡುವೆ ಸಂದೇಶಗಳು ಸರದಿಯಲ್ಲಿ ಕಾಯುವ ಜಾಗ) ದಾಟುವಾಗ ನಿಮ್ಮ ಕೋಡ್ ಐಡಿಯನ್ನು ಜೊತೆಗೆ ಒಯ್ಯದಿದ್ದರೆ ಜಾಡು ಅಲ್ಲೇ ತುಂಡಾಗುತ್ತದೆ. ಅದನ್ನು ಯಾವ ಎಕ್ಸ್‌ಟೆನ್ಶನ್ನೂ ಜೋಡಿಸಿಕೊಡಲಾರದು. ಸಂದೇಶ ಎತ್ತಿಕೊಳ್ಳುವ ಕನ್ಸ್ಯೂಮರ್ ಕಡೆ ಇನ್‌ಸ್ಟ್ರುಮೆಂಟೇಶನ್, ಅಂದರೆ ಟ್ರೇಸ್ ದಾಖಲಿಸುವ ಕೋಡ್, ನೀವೇ ಸೇರಿಸಬೇಕು.