ತೋಟದ ಮೋಟರನ್ನು ಫೋನಿಗೆ ಜೋಡಿಸುವ ಮುನ್ನ ಬ್ರೋಕರ್‌ನ ಬಾಗಿಲು ನೋಡಿಕೊಳ್ಳಿ

ಕೊಳವೆಬಾವಿಯ ಮೋಟರನ್ನು ಫೋನಿನಿಂದಲೇ ಹಾಕಿ ಆರಿಸುವ ವ್ಯವಸ್ಥೆಯನ್ನು ಮುಕ್ತ ತಂತ್ರಾಂಶಗಳಿಂದ ತಾವೇ ಕಟ್ಟಿಕೊಳ್ಳುತ್ತಿರುವವರು ಈಗ ನಮ್ಮ ಕಡೆ ಹಲವರಿದ್ದಾರೆ. ಫೋನಿನ ಆಜ್ಞೆಯನ್ನು ಮೋಟರಿನ ಬಳಿಯ ಸಾಧನಕ್ಕೆ ದಾಟಿಸುವ ನಡುವಿನ ತಂತ್ರಾಂಶಕ್ಕೆ ಬ್ರೋಕರ್ ಎನ್ನುತ್ತಾರೆ. ನಾನೂ ಕಟ್ಟಿದೆ, ಕಳೆದ ಬೇಸಿಗೆಯಲ್ಲಿ ಏಳೂವರೆ ಎಚ್‌ಪಿ ಮೋಟರನ್ನು ಅದರಿಂದಲೇ ಸುಟ್ಟುಕೊಂಡೆ. ತಂತ್ರಾಂಶದಲ್ಲಿ ದೋಷವಿರಲಿಲ್ಲ, ನಾನು ಅದನ್ನು ಹೊಂದಿಸಿದ ರೀತಿಯಲ್ಲಿ ಇತ್ತು. ಅದೇ ರೀತಿಯಲ್ಲಿ ಹೊಂದಿಸಿಕೊಂಡಿರುವ ಇನ್ನೂ ಇಬ್ಬರ ತೋಟಗಳನ್ನು ಈಚೆಗೆ ನೋಡಿದ್ದರಿಂದ ಇದನ್ನು ವಿವರವಾಗಿ ಬರೆಯುತ್ತಿದ್ದೇನೆ.

ತಿಪಟೂರು ತಾಲ್ಲೂಕಿನ ನಮ್ಮ ತೆಂಗಿನ ತೋಟವನ್ನು ಅಪ್ಪ ಒಬ್ಬರೇ ನೋಡಿಕೊಳ್ಳುತ್ತಾರೆ, ನಾನು ಬೆಂಗಳೂರಿನಲ್ಲಿದ್ದೇನೆ. ಮೂರು ಫೇಸ್ ಕರೆಂಟು ಪಾಳಿಯ ಮೇಲೆ ಬರುವುದರಿಂದ ಕೆಲವು ವಾರ ಅವರು ರಾತ್ರಿ ಎರಡು ಗಂಟೆಗೆ ಟಾರ್ಚ್ ಹಿಡಿದು ಮೋಟರ್ ಮನೆಗೆ ಹೋಗಬೇಕಿತ್ತು. ಕರೆಂಟು ಬಂದೊಡನೆ ಮೋಟರ್ ಹಾಕುವ ಆಟೋ ಸ್ಟಾರ್ಟರ್ ಹಾಕಿಸುವಂತಿರಲಿಲ್ಲ. ಬೇಸಿಗೆಯಲ್ಲಿ ನಮ್ಮ ಬೋರು ಎರಡು ಗಂಟೆಯಷ್ಟೇ ನೀರು ಕೊಡುತ್ತದೆ, ಅದಾದ ಮೇಲೆ ಮೋಟರ್ ಬರಿದೇ ತಿರುಗುತ್ತದೆ. ಆದ್ದರಿಂದ ಸ್ಟಾರ್ಟರ್ ಪೆಟ್ಟಿಗೆಯ ಪಕ್ಕದಲ್ಲಿ ಟಾಸ್ಮೋಟಾ ಎಂಬ ಮುಕ್ತ ತಂತ್ರಾಂಶ ತುಂಬಿದ, ವೈಫೈ ಇರುವ ಇಎಸ್‌ಪಿ8266 ಚಿಪ್ಪಿನ ರಿಲೇಯೊಂದನ್ನು (ಆಜ್ಞೆ ಬಂದಂತೆ ಹಾಕಿ ಆರಿಸುವ ಸ್ವಿಚ್) ಕೂರಿಸಿ, ಬಾಡಿಗೆ ಸರ್ವರ್ ಒಂದರಲ್ಲಿ ತಂತ್ರಾಂಶಗಳನ್ನು ಪ್ರತ್ಯೇಕ ಡಬ್ಬಿಗಳಲ್ಲಿಟ್ಟಂತೆ ನಡೆಸುವ ಡಾಕರ್ ಮೂಲಕ ಮೊಸ್ಕಿಟೊ ಎಂಬ ಬ್ರೋಕರ್ ಮತ್ತು ಯಾವಾಗ ಏನು ಮಾಡಬೇಕೆಂಬ ನಿಯಮಗಳನ್ನು ಹೆಣೆಯುವ ನೋಡ್-ರೆಡ್ ನಡೆಸಿದೆ. ಮೋಟರ್ ಹಾಕಿದ ಎರಡು ಗಂಟೆಗೆ ತಾನಾಗಿ ಆರಿಸುವ ಲೆಕ್ಕವನ್ನು ನೋಡ್-ರೆಡ್‌ನಲ್ಲಿ ಇಟ್ಟೆ. ಎಂಟು ತಿಂಗಳು ಒಂದು ದಿನವೂ ತೊಂದರೆಯಾಗಲಿಲ್ಲ.

ತಪ್ಪು ನಡೆದದ್ದು ಮೊದಲ ದಿನವೇ. ಮೊಸ್ಕಿಟೊದ 2.0 ಆವೃತ್ತಿ 2020ರ ಡಿಸೆಂಬರಿನಲ್ಲಿ ಬಂದಾಗ ಅದನ್ನು ರೂಪಿಸಿದವರು ಒಂದು ಮುಖ್ಯವಾದ ಬದಲಾವಣೆ ಮಾಡಿದ್ದರು: ನಾವಾಗಿ ಏನನ್ನೂ ಹೇಳದಿದ್ದರೆ ಬ್ರೋಕರ್ ತಾನಿರುವ ಯಂತ್ರದೊಳಗಿನ ಸಂಪರ್ಕಗಳನ್ನು ಮಾತ್ರ ಒಪ್ಪುತ್ತದೆ, ಹೊರಗಿನಿಂದ ಬರುವವರಿಗೆ ಬಾಗಿಲು ತೆರೆದರೆ ಹೆಸರು ಮತ್ತು ಪಾಸ್‌ವರ್ಡ್ ಕೇಳುತ್ತದೆ. ನನ್ನ ರಿಲೇ ಸಂಪರ್ಕವಾಗದೆ ಒದ್ದಾಡಿದಾಗ ನಾನು ಹುಡುಕಿ ಕಂಡುಕೊಂಡ ಪರಿಹಾರ ಎರಡು ಸಾಲಿನದು. 1883ನೇ ಪೋರ್ಟಿನಲ್ಲಿ, ಅಂದರೆ ಸರ್ವರಿನ ಆ ಸಂಖ್ಯೆಯ ಬಾಗಿಲಿನಲ್ಲಿ, ಕೇಳಿಸಿಕೋ ಎಂಬುದು ಮೊದಲ ಸಾಲು. ಅನಾಮಧೇಯರನ್ನೂ ಒಳಗೆ ಬಿಡು ಎಂಬುದು ಎರಡನೆಯದು. ಅಂಟಿಸಿದೆ, ಕೆಲಸ ಮಾಡಿತು, ಅಲ್ಲಿಗೆ ಬಿಟ್ಟೆ. ರಕ್ಷಣೆಗೆಂದು ಕೊಟ್ಟಿದ್ದ ಬೀಗವನ್ನು ಅಡಚಣೆ ಎಂದು ತಿಳಿದು ನಾನೇ ಕಿತ್ತುಹಾಕಿದ್ದೆ. ಬೇಡದ ಸಂಪರ್ಕಗಳನ್ನು ತಡೆಯುವ ಫೈರ್‌ವಾಲ್ ಇದೆಯಲ್ಲ ಎಂಬ ಧೈರ್ಯವೂ ಇತ್ತು: ಅದನ್ನು ಹೊಂದಿಸುವ ಯುಎಫ್‌ಡಬ್ಲ್ಯೂನಲ್ಲಿ ನಮ್ಮ ಮನೆಯ ಮತ್ತು ತೋಟದ ಸಂಪರ್ಕಗಳಿಗೆ ಮಾತ್ರ ಅನುಮತಿ ಕೊಟ್ಟಿದ್ದೆ, ಸ್ಥಿತಿ ಕೇಳಿದರೆ ಉಳಿದವರಿಗೆ ಮುಚ್ಚಿದೆ ಎಂದೇ ತೋರಿಸುತ್ತಿತ್ತು.

ಏಪ್ರಿಲ್‌ನ ಒಂದು ಬೆಳಿಗ್ಗೆ ಅಪ್ಪ ಫೋನ್ ಮಾಡಿ, "ಮೋಟ್ರು ತಾನಾಗೇ ಓಡ್ತಾ ಐತೆ ಕಣಪ್ಪ, ನೀನೇನಾದ್ರೂ ಹಾಕಿದ್ಯಾ?" ಎಂದು ಕೇಳಿದರು. ನಾನು ಹಾಕಿರಲಿಲ್ಲ. ಫೋನಿನಿಂದ ಆರಿಸಿದೆ, ಆರಿತು. ಏನೋ ಒಮ್ಮೆ ಹೀಗಾಗಿರಬಹುದೆಂದು ಬ್ರೋಕರನ್ನೂ ಮರುಚಾಲನೆ ಮಾಡಿದೆ. ಮರುರಾತ್ರಿ ಮೂರು ಫೇಸ್ ಬಂದ ಕೂಡಲೇ ಮೋಟರ್ ಮತ್ತೆ ಚಾಲೂ ಆಯಿತು. ಅಪ್ಪ ಮಲಗಿದ್ದರು. ಬೆಳಿಗ್ಗೆ ಅವರು ಹೋಗಿ ನೋಡುವಾಗ ಪೈಪಿನಲ್ಲಿ ಹನಿ ನೀರಿರಲಿಲ್ಲ, ಸ್ಟಾರ್ಟರ್ ಟ್ರಿಪ್ ಆಗಿತ್ತು. ನೀರಿನೊಳಗಿನ ಮೋಟರಿಗೆ ಸುತ್ತಲಿನ ನೀರೇ ತಂಪು. ಅದಿಲ್ಲದೆ ಗಂಟೆಗಟ್ಟಲೆ ತಿರುಗಿ ವೈಂಡಿಂಗ್ ಸುಟ್ಟುಹೋಗಿತ್ತು. ಆರುನೂರು ಅಡಿಯಿಂದ ಪೈಪು ಎತ್ತಿಸಿ, ವೈಂಡಿಂಗ್ ಮಾಡಿಸಿ, ಮತ್ತೆ ಇಳಿಸುವಷ್ಟರಲ್ಲಿ ಹತ್ತು ದಿನ ಕಳೆದಿತ್ತು. ಆ ಬಿಸಿಲಿನಲ್ಲಿ ಹೊಸದಾಗಿ ನೆಟ್ಟಿದ್ದ ಸಸಿಗಳಲ್ಲಿ ಕಾಲುಭಾಗ ಒಣಗಿದವು.

ಆಮೇಲೆ ಕುಳಿತು ಬ್ರೋಕರ್‌ನ ಲಾಗ್ ಓದಿದೆ. ನನ್ನದಲ್ಲದ ವಿಳಾಸಗಳಿಂದ ಸಾಲುಸಾಲಾಗಿ ಸಂಪರ್ಕಗಳು ಬಂದಿದ್ದವು. ಫೈರ್‌ವಾಲ್ ಅವರನ್ನು ತಡೆದಿರಲಿಲ್ಲ, ಏಕೆಂದರೆ ಡಾಕರ್‌ನಲ್ಲಿ ಪೋರ್ಟ್ ತೆರೆದಾಗ ಅದು ಲಿನಕ್ಸ್‌ನ ಸಂಪರ್ಕ ನಿಯಮಗಳ ಪಟ್ಟಿಯಾದ ಐಪಿಟೇಬಲ್ಸ್‌ನಲ್ಲಿ ತನ್ನದೇ ನಿಯಮಗಳನ್ನು ಬರೆಯುತ್ತದೆ, ಯುಎಫ್‌ಡಬ್ಲ್ಯೂ ಹೇಳಿದ್ದು ಆ ದಾರಿಗೆ ಅನ್ವಯಿಸುವುದೇ ಇಲ್ಲ. ಡಾಕರ್‌ನ ದಾಖಲೆಯಲ್ಲಿ ಇದು ಸ್ಪಷ್ಟವಾಗಿಯೇ ಇದೆ, ನಾನು ಓದಿರಲಿಲ್ಲ. ತಿಪಟೂರಿನ ಒಂದು ಬೋರನ್ನು ಯಾರು ಹುಡುಕಿಕೊಂಡು ಬರುತ್ತಾರೆ ಎಂದು ಕೇಳುವವರಿದ್ದಾರೆ. ಯಾರೂ ಹೆಸರು ಹಿಡಿದು ಹುಡುಕಬೇಕಾಗಿಲ್ಲ. ಮಿಷಿಗನ್ ವಿಶ್ವವಿದ್ಯಾಲಯದವರು 2013ರಲ್ಲಿ ಹೊರತಂದ ಜ಼ೆಡ್‌ಮ್ಯಾಪ್ ಎಂಬ ಮುಕ್ತ ತಂತ್ರಾಂಶವೇ, ವೇಗದ ಸಂಪರ್ಕವಿದ್ದರೆ, ಅಂತರ್ಜಾಲದ ಐಪಿವಿ4 ಪದ್ಧತಿಯ ಎಲ್ಲ ಸಾರ್ವಜನಿಕ ವಿಳಾಸಗಳಲ್ಲಿ ಒಂದು ಪೋರ್ಟ್ ತೆರೆದಿದೆಯೇ ಎಂದು ಮುಕ್ಕಾಲು ಗಂಟೆಯೊಳಗೆ ತಟ್ಟಿ ನೋಡಬಲ್ಲದು. ಬ್ರೋಕರ್‌ನಲ್ಲಿ ಪ್ರತಿ ಸಂದೇಶವೂ ಒಂದು ವಿಷಯದ ಹೆಸರಿನಡಿ ಹೋಗುತ್ತದೆ, ಅದು ಬೇಕಾದವರು ಆ ವಿಷಯಕ್ಕೆ ಚಂದಾ ಹಾಕುತ್ತಾರೆ. ಒಳಗೆ ಬಂದವರು ಎಲ್ಲ ವಿಷಯಗಳನ್ನೂ ಸೂಚಿಸುವ ಹ್ಯಾಶ್ (#) ಗುರುತೊಂದಕ್ಕೆ ಚಂದಾ ಹಾಕಿದರೆ ಸಾಕು, ಬ್ರೋಕರ್‌ನಲ್ಲಿ ಓಡಾಡುವ ಪ್ರತಿಯೊಂದು ವಿಷಯದ ಹೆಸರೂ ಅವರಿಗೆ ಕಾಣುತ್ತದೆ. ನನ್ನ ವಿಷಯದ ಹೆಸರಿನಲ್ಲಿ "ಬೋರ್‌ವೆಲ್" ಎಂದೇ ಇತ್ತು.

ಮೋಟರ್ ಎರಡನೇ ಸಲ ತಾನಾಗಿ ಚಾಲೂ ಆದದ್ದಕ್ಕೆ ಕಾರಣ ಇನ್ನೂ ಸೂಕ್ಷ್ಮವಾದದ್ದು, ಹೆಚ್ಚಿನವರು ಎಡವುವುದು ಇಲ್ಲಿಯೇ. ಬ್ರೋಕರ್ ಮತ್ತು ಸಾಧನಗಳು ಮಾತಾಡುವ ಭಾಷೆಯಾದ ಎಂಕ್ಯೂಟಿಟಿಯಲ್ಲಿ ಒಂದು ಸಂದೇಶವನ್ನು "ರಿಟೇನ್" ಗುರುತು ಹಾಕಿ ಕಳಿಸಿದರೆ ಬ್ರೋಕರ್ ಅದನ್ನು ಇಟ್ಟುಕೊಂಡು, ಆ ವಿಷಯಕ್ಕೆ ಹೊಸದಾಗಿ ಚಂದಾ ಹಾಕಿದವರಿಗೆಲ್ಲ ತಲುಪಿಸುತ್ತದೆ. ಯಾರೋ ಹೊರಗಿನವರು "ಆನ್" ಎಂಬುದನ್ನು ಹಾಗೆ ಬಿಟ್ಟುಹೋಗಿದ್ದರು. ಮೋಟರ್ ಮನೆಗೆ ಕರೆಂಟು ಬಂದಾಗಲೆಲ್ಲ ರಿಲೇ ಎಚ್ಚರಗೊಂಡು ಬ್ರೋಕರನ್ನು ಸೇರುತ್ತಿತ್ತು, ಸೇರಿದೊಡನೆ ಹಳೆಯ ಆಜ್ಞೆ ಕೈಗೆ ಬರುತ್ತಿತ್ತು. ನಾನು ಕಳಿಸಿದ "ಆಫ್"ಗೆ ಆ ಗುರುತು ಇರಲಿಲ್ಲವಾದ್ದರಿಂದ ಅದು ಹಳೆಯದನ್ನು ಅಳಿಸಲಿಲ್ಲ. ಸಂದೇಶಗಳನ್ನು ಡಿಸ್ಕಿನಲ್ಲಿ ಉಳಿಸುವಂತೆ ನಾನೇ ಹೇಳಿದ್ದರಿಂದ ಬ್ರೋಕರ್ ಮರುಚಾಲನೆಯೂ ವ್ಯರ್ಥವಾಯಿತು. ಟಾಸ್ಮೋಟಾದಲ್ಲಿ ಕರೆಂಟು ಬಂದಾಗ ರಿಲೇ ಆರಿಯೇ ಇರಲಿ ಎಂದು ಹೊಂದಿಸಿದ್ದೆ. ರಿಲೇ ಆರಿಯೇ ಎದ್ದು, ಆಮೇಲೆ ಆಜ್ಞೆ ಪಾಲಿಸಿತು. ನೋಡ್-ರೆಡ್‌ನ ಎರಡು ಗಂಟೆಯ ಲೆಕ್ಕ ನೋಡ್-ರೆಡ್ ಹಾಕಿದ ಮೋಟರಿಗೆ ಮಾತ್ರ ಅನ್ವಯವಾಗುತ್ತಿತ್ತು. ಇಂಥ ಸಂದೇಶವನ್ನು ತೆಗೆಯಬೇಕಾದರೆ ಅದೇ ವಿಷಯಕ್ಕೆ, ಅದೇ ಗುರುತು ಹಾಕಿ, ಖಾಲಿ ಸಂದೇಶವೊಂದನ್ನು ಕಳಿಸಬೇಕು.

ಈಗ ಡಾಕರ್‌ನ 1883ನೇ ಪೋರ್ಟನ್ನು ಸರ್ವರಿನ ವೈರ್‌ಗಾರ್ಡ್ ವಿಳಾಸಕ್ಕೆ ಮಾತ್ರ ಕಟ್ಟಿದ್ದೇನೆ, ತೋಟದ ರೌಟರ್ ಮತ್ತು ಸರ್ವರ್ ನಡುವೆ ವೈರ್‌ಗಾರ್ಡ್ ಎಂಬ ಗೂಢಲಿಪಿಯ ಖಾಸಗಿ ದಾರಿ ಇದೆ, ಪ್ರತಿ ಸಾಧನಕ್ಕೂ ಬೇರೆ ಪಾಸ್‌ವರ್ಡ್ ಇದೆ, ಯಾರು ಯಾವ ವಿಷಯಕ್ಕೆ ಬರೆಯಬಹುದೆಂಬ ಪಟ್ಟಿಯೂ ಇದೆ. ಇವೆಲ್ಲಕ್ಕಿಂತ ಮುಖ್ಯವೆಂದು ನಾನು ತಿಳಿಯುವುದು ಮೋಟರ್ ಮನೆಯೊಳಗಿನ ಬದಲಾವಣೆಯನ್ನು. ಎಡ್ಜ್ ಕಂಪ್ಯೂಟಿಂಗ್ (ತೀರ್ಮಾನಗಳನ್ನು ಸ್ಥಳದಲ್ಲಿರುವ ಸಾಧನವೇ ಮಾಡುವುದು) ಎಂದು ಬಾಯಲ್ಲಿ ಹೇಳುತ್ತಾ, ಮೋಟರಿನ ಜೀವ ಉಳಿಸುವ ಒಂದೇ ಒಂದು ತೀರ್ಮಾನವನ್ನು ದೂರದ ಸರ್ವರಿಗೆ ಒಪ್ಪಿಸಿದ್ದೆ. ಟಾಸ್ಮೋಟಾದಲ್ಲಿ ಪಲ್ಸ್‌ಟೈಮ್ 7300 ಎಂದು ಕೊಟ್ಟರೆ, ಆಜ್ಞೆ ಯಾರಿಂದಲೇ ಬರಲಿ, ರಿಲೇ 7200 ಸೆಕೆಂಡಿಗೆ ತಾನೇ ಆರುತ್ತದೆ; ಅದರಲ್ಲಿ ಸೆಕೆಂಡುಗಳಿಗೆ ನೂರು ಸೇರಿಸಿ ಬರೆಯುವ ಪದ್ಧತಿ. ಅದರ ಜೊತೆಗೆ ಕರೆಂಟಿನ ಎಳೆತ ಇಳಿದರೆ ಮೋಟರನ್ನು ಕಡಿದುಹಾಕುವ ಡ್ರೈ ರನ್ ರಕ್ಷಣೆಯ ಪೆಟ್ಟಿಗೆಯನ್ನೂ ಹಾಕಿಸಿದ್ದೇನೆ. ಅದಕ್ಕೆ ಯಾವ ತಂತ್ರಾಂಶದ ಹಂಗೂ ಇಲ್ಲ.

ನಿಮ್ಮದೂ ಇಂಥದೇ ವ್ಯವಸ್ಥೆಯಾಗಿದ್ದರೆ ದಯವಿಟ್ಟು ಇಂದೇ ಮನೆಯ ವೈಫೈ ಬಿಟ್ಟು ಮೊಬೈಲ್ ಡೇಟಾದಿಂದ, ಪಾಸ್‌ವರ್ಡ್ ಕೊಡದೆ, ನಿಮ್ಮ ಬ್ರೋಕರನ್ನು ಸೇರಲು ಯತ್ನಿಸಿ ನೋಡಿ. ಸೇರಲು ಸಾಧ್ಯವಾದರೆ ಮೊದಲು ಊರಿಗೆ ಫೋನ್ ಮಾಡಿ, ಮೇನ್ ಆರಿಸಿದ ಮೇಲೆ ರಿಲೇಯ ತಂತಿ ಬಿಚ್ಚಿಸಿ ಸ್ಟಾರ್ಟರನ್ನು ಕೈಯಿಂದಲೇ ಗುಂಡಿ ಒತ್ತಿ ನಡೆಸುವಂತೆ ಮಾಡಿಸಿಬಿಡಿ. ಸರ್ವರ್ ಸರಿಪಡಿಸುವ ಕೆಲಸಕ್ಕೆ ಆಮೇಲೆ ಕುಳಿತುಕೊಳ್ಳಬಹುದು.