ಕಂಪನಿಯವರೇ ಕಳಿಸುತ್ತಿದ್ದಾರಾ? ರಾಜೀನಾಮೆಗೆ ಸಹಿ ಹಾಕುವ ಮೊದಲು ಇದನ್ನು ಓದಿ

ಕಾರ್ಖಾನೆ, ಗಾರ್ಮೆಂಟ್ಸ್, ಹೋಟೆಲ್, ಅಂಗಡಿ, ನೀವು ಎಲ್ಲೇ ದುಡಿಯುತ್ತಿರಿ, ಸಂಬಳದಲ್ಲಿ ಪ್ರತಿ ತಿಂಗಳು ಇಎಸ್‌ಐ (ನೌಕರರ ರಾಜ್ಯ ವಿಮೆ) ಹಿಡಿಯುತ್ತಿದ್ದರೆ ಈ ಬರಹ ನಿಮಗೇ. ಕಂಪನಿಯೇ ನಿಮ್ಮನ್ನು ತೆಗೆಯುತ್ತಿರುವಾಗ "ವೈಯಕ್ತಿಕ ಕಾರಣದಿಂದ ಕೆಲಸ ಬಿಡುತ್ತಿದ್ದೇನೆ" ಎಂದಿರುವ ಕಾಗದಕ್ಕೆ ಸಹಿ ಹಾಕಬೇಡಿ. ಆ ಒಂದು ಸಾಲಿನಿಂದ ನಿರುದ್ಯೋಗ ಭತ್ಯೆ ಕೈತಪ್ಪುತ್ತದೆ. ನನಗೆ ಆಗಿದ್ದು ಅದೇ.

ಪೀಣ್ಯದಲ್ಲಿ ವಾಹನಗಳ ಬಿಡಿಭಾಗ ಮಾಡುವ ಒಂದು ಕಂಪನಿಯಲ್ಲಿ ಸಿಎನ್‌ಸಿ ಆಪರೇಟರ್ ಆಗಿದ್ದೆ. ಸಂಬಳ 17,000. ಹೆಚ್ಚು ಆರ್ಡರ್ ಕೊಡುತ್ತಿದ್ದ ಗಿರಾಕಿ ಕೈಬಿಟ್ಟ ಮೇಲೆ ಮೊದಲು ಓಟಿ ನಿಂತಿತು, ಆಮೇಲೆ ರಾತ್ರಿ ಶಿಫ್ಟ್ ನಿಂತಿತು. ಕೊನೆಗೆ ಒಬ್ಬೊಬ್ಬರನ್ನೇ ಆಫೀಸಿಗೆ ಕರೆಯಲು ಶುರು ಮಾಡಿದರು. ಟೇಬಲ್ ಮೇಲೆ ಇಂಗ್ಲಿಷಿನಲ್ಲಿ ಟೈಪ್ ಮಾಡಿದ ಕಾಗದ ರೆಡಿ ಇತ್ತು. ಹೆಸರು, ಟೋಕನ್ ನಂಬರ್ ಮಾತ್ರ ಖಾಲಿ.

ಎಚ್‌ಆರ್‌ನವರು ಜೋರು ಮಾಡಲಿಲ್ಲ. ತುಂಬ ಮೆತ್ತಗೇ ಮಾತಾಡಿದರು. "ನೋಡಿ, ನಾವು ತೆಗೆದ್ವಿ ಅಂತ ಲೆಟರ್ ಕೊಟ್ರೆ ಬೇರೆ ಕಡೆ ಯಾರೂ ತಗೊಳ್ಳಲ್ಲ. ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು. ಇದಕ್ಕೆ ಸಹಿ ಹಾಕಿದ್ರೆ ಎಕ್ಸ್‌ಪೀರಿಯೆನ್ಸ್ ಲೆಟರ್ ನಾಳೆನೇ ಸಿಗುತ್ತೆ. ಇಲ್ಲಾಂದ್ರೆ ನಿಮ್ಮ ಸೆಟ್ಲ್‌ಮೆಂಟ್ ಯಾವಾಗ ಆಗುತ್ತೋ ನಾನು ಹೇಳಕ್ಕಾಗಲ್ಲ." ಮನೆ ಬಾಡಿಗೆ, ಮಗಳ ಸ್ಕೂಲ್ ಫೀಸು ತಲೆಯಲ್ಲಿ ಓಡುತ್ತಿರುವಾಗ ಈ ಮಾತು ಕೇಳಿದರೆ ಯಾರಾದರೂ ಏನು ಮಾಡುತ್ತಾರೆ? ಅವತ್ತು ಕರೆಸಿದವರಲ್ಲಿ ಒಬ್ಬರನ್ನು ಬಿಟ್ಟು ಎಲ್ಲರೂ ಸಹಿ ಹಾಕಿದೆವು. ಆ ಒಬ್ಬರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಈಗ ಭತ್ಯೆಯ ವಿಷಯ. ತುಂಬ ಜನಕ್ಕೆ ಇಎಸ್‌ಐ ಅಂದರೆ ರಾಜಾಜಿನಗರದ ಆಸ್ಪತ್ರೆ, ಮಾತ್ರೆ, ಹೆರಿಗೆ ರಜೆ ಅಷ್ಟೇ. ಕೆಲಸ ಹೋದರೂ ಅಲ್ಲಿಂದ ದುಡ್ಡು ಬರುತ್ತದೆ ಎನ್ನುವುದು ಗೊತ್ತೇ ಇಲ್ಲ. 2018ರ ಜುಲೈ 1ರಿಂದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ ಎಂಬುದೊಂದು ಇದೆ. ಮೊದಲು ದಿನದ ಸರಾಸರಿ ಸಂಬಳದ ಶೇ. 25ರಷ್ಟು ಕೊಡುತ್ತಿದ್ದರು. ಕೊರೊನಾ ಬಂದಾಗ, 2020ರಲ್ಲಿ, ಅದನ್ನು ಶೇ. 50ಕ್ಕೆ ಏರಿಸಿದರು. ಗರಿಷ್ಠ 90 ದಿನಕ್ಕೆ ಸಿಗುತ್ತದೆ, ಅದೂ ಜೀವನದಲ್ಲಿ ಒಂದೇ ಸಲ. ಕೆಲಸ ಹೋಗಿ 30 ದಿನ ಆದ ಮೇಲೆ ಇಎಸ್‌ಐ ಪೋರ್ಟಲ್‌ನಲ್ಲಿ ನಾವೇ ಅರ್ಜಿ ಹಾಕಬಹುದು. ಅರ್ಜಿಯನ್ನು ಕಂಪನಿಯ ಮೂಲಕ ಕಳಿಸಬೇಕಾಗಿಲ್ಲ. ಇದು ಪ್ರಯೋಗವಾಗಿ ಶುರುವಾಗಿ, ಅವಧಿ ಮುಗಿದ ಹಾಗೆಲ್ಲ ಮುಂದುವರಿಸುತ್ತಾ ಬಂದಿರುವ ಯೋಜನೆ. ಹಾಗಾಗಿ ನೀವು ಅರ್ಜಿ ಹಾಕುವ ಹೊತ್ತಿಗೆ ಜಾರಿಯಲ್ಲಿದೆಯಾ ಎಂದು ಬ್ರಾಂಚ್ ಆಫೀಸಿನಲ್ಲಿ ಕೇಳಿಕೊಳ್ಳಿ.

ಲೆಕ್ಕ ಹೇಗೆ ಅಂದರೆ, ಇಎಸ್‌ಐಗೆ ದುಡ್ಡು ಕಟ್ಟುವ ಆರಾರು ತಿಂಗಳ ಹಿಂದಿನ ನಾಲ್ಕು ವಂತಿಗೆ ಅವಧಿಗಳಲ್ಲಿ ಅಂದರೆ ಎರಡು ವರ್ಷದಲ್ಲಿ ಬಂದ ಒಟ್ಟು ಸಂಬಳವನ್ನು 730ರಿಂದ ಭಾಗಿಸುತ್ತಾರೆ. ಬಂದದ್ದರಲ್ಲಿ ಅರ್ಧ ನಿಮ್ಮ ದಿನದ ಭತ್ಯೆ. ನನ್ನ 17,000ಕ್ಕೆ ದಿನಕ್ಕೆ ಸುಮಾರು 279 ರೂಪಾಯಿ, 90 ದಿನಕ್ಕೆ 25,000ದ ಆಸುಪಾಸು ಬರಬೇಕಿತ್ತು. ಮಧ್ಯೆ ಸಂಬಳವಿಲ್ಲದ ರಜೆ ಜಾಸ್ತಿ ಹಾಕಿದ್ದರೆ ಮೊತ್ತವೂ ಇಳಿಯುತ್ತದೆ, ಯಾಕಂದರೆ ಭಾಗಿಸುವುದು 730ರಿಂದಲೇ. ದೊಡ್ಡ ದುಡ್ಡೇನಲ್ಲ ಅನ್ನಬಹುದು. ಕೆಲಸವಿಲ್ಲದ ಮೂರು ತಿಂಗಳಲ್ಲಿ ಬಾಡಿಗೆ ಕಟ್ಟುವವನಿಗೆ ಅದು ದೊಡ್ಡ ದುಡ್ಡೇ.

ವಂತಿಗೆಯ ಷರತ್ತುಗಳೆಲ್ಲ ನನಗೆ ಸರಿ ಇದ್ದವು. ಆಧಾರ್, ಬ್ಯಾಂಕ್ ಖಾತೆ ಜೋಡಣೆಯಾಗಿತ್ತು. ಅರ್ಜಿ ಹಾಕಿದೆ. ತಿರಸ್ಕೃತ ಅಂತ ಬಂತು. ಬ್ರಾಂಚ್ ಆಫೀಸಿಗೆ ಹೋಗಿ ಕೇಳಿದಾಗ ಅಲ್ಲಿನವರು ಕಂಪ್ಯೂಟರ್ ನನ್ನ ಕಡೆ ತಿರುಗಿಸಿ ತೋರಿಸಿದರು. ಕಂಪನಿ ನನ್ನ ಕೊನೆಯ ತಿಂಗಳ ವಂತಿಗೆ ತುಂಬುವಾಗ ಕಾರಣದ ಜಾಗದಲ್ಲಿ "ಲೆಫ್ಟ್ ಸರ್ವಿಸ್" ಎಂದು ಹಾಕಿತ್ತು. ಆಫೀಸಿನವರು ವಿಚಾರಿಸಿದಾಗ ನನ್ನ ರಾಜೀನಾಮೆಯ ಪ್ರತಿಯನ್ನೇ ಕಳಿಸಿತ್ತು. "ನೀವೇ ಬಿಟ್ಟಿದ್ದೀರಲ್ಲ ಸರ್, ಸಹಿ ನಿಮ್ಮದೇ ಅಲ್ವಾ?" ಎಂದರು. ಅವರ ತಪ್ಪೇನೂ ಇಲ್ಲ. ನಿಯಮ ಹಾಗೇ ಇದೆ. ತಾನಾಗಿ ಕೆಲಸ ಬಿಟ್ಟವರಿಗೆ, ಸ್ವಯಂ ನಿವೃತ್ತಿ ತೆಗೆದುಕೊಂಡವರಿಗೆ, ಶಿಸ್ತುಕ್ರಮದಲ್ಲಿ ವಜಾ ಆದವರಿಗೆ, ವಯಸ್ಸಾಗಿ ನಿವೃತ್ತರಾದವರಿಗೆ ಈ ಭತ್ಯೆ ಇಲ್ಲ. ಕೆಲಸ ಹೋಗಿದ್ದು ನಮ್ಮ ಇಚ್ಛೆಯಿಂದಲೂ ಅಲ್ಲ, ನಮ್ಮ ತಪ್ಪಿನಿಂದಲೂ ಅಲ್ಲ ಅಂತಿದ್ದರೆ ಮಾತ್ರ ಉಂಟು.

ಆ ಕಾರಣದ ಜಾಗ ಎಂಥದ್ದು ಅಂತ ಆಮೇಲೆ ಒಬ್ಬ ಲೆಕ್ಕಪತ್ರದವರಿಂದ ತಿಳಿದುಕೊಂಡೆ. ಯಾರಿಗಾದರೂ ಆ ತಿಂಗಳು ಸೊನ್ನೆ ದಿನ ತೋರಿಸಿದರೆ ಕಂಪನಿ ಒಂದು ಕೋಡ್ ಹಾಕಲೇಬೇಕು. 2 ಅಂದರೆ ಕೆಲಸ ಬಿಟ್ಟರು. 10 ಅಂದರೆ ರಿಟ್ರೆಂಚ್‌ಮೆಂಟ್, ಅಂದರೆ ಕೆಲಸ ಕಡಿಮೆಯಾಗಿ ಕಂಪನಿಯೇ ತೆಗೆದದ್ದು. 11 ಅಂದರೆ ಕೆಲಸ ಇಲ್ಲ. ಅಕೌಂಟ್ಸ್ ಹುಡುಗ ಸುಮ್ನೆ ಒಂದು ನಂಬರ್ ಒತ್ತುತ್ತಾನೆ, ನಮ್ಮ ಹಣೆಬರಹ ಅಲ್ಲಿ ಮುಗಿಯುತ್ತದೆ.

ಇಲ್ಲಿ ಇನ್ನೊಂದು ಹೊಟ್ಟೆ ಉರಿಯುವ ವಿಷಯ ಇದೆ. ರಿಟ್ರೆಂಚ್‌ಮೆಂಟ್ ಎಂದು ದಾಖಲಾಗಿದ್ದರೆ 90 ದಿನದ ಭತ್ಯೆಗಿಂತ ದೊಡ್ಡ ಬಾಗಿಲೇ ತೆರೆಯುತ್ತಿತ್ತು. ಇಎಸ್‌ಐನಲ್ಲೇ ರಾಜೀವ್ ಗಾಂಧಿ ಶ್ರಮಿಕ್ ಕಲ್ಯಾಣ್ ಯೋಜನೆ ಅಂತ 2005ರಿಂದ ಇದೆ. ಕಾರ್ಖಾನೆ ಮುಚ್ಚಿದವರಿಗೆ, ರಿಟ್ರೆಂಚ್ ಆದವರಿಗೆ, ಕೆಲಸಕ್ಕೆ ಸಂಬಂಧಿಸದ ಗಾಯದಿಂದ ಶೇ. 40ಕ್ಕೆ ಕಡಿಮೆಯಿಲ್ಲದ ಶಾಶ್ವತ ಊನ ಆದವರಿಗೆ ಇದು. ಮೊದಲ 12 ತಿಂಗಳು ಸಂಬಳದ ಅರ್ಧ, ಮುಂದಿನ 12 ತಿಂಗಳು ಕಾಲು ಭಾಗ. ನನ್ನ ಸಂಬಳಕ್ಕೆ ಹೆಚ್ಚುಕಡಿಮೆ ಒಂದೂವರೆ ಲಕ್ಷ ಆಗುತ್ತಿತ್ತು, ಅಲ್ಲಿಯವರೆಗೆ ಬೇರೆ ಕೆಲಸ ಸಿಗದಿದ್ದರೆ.

ಕಂಪನಿಗೆ ಯಾಕೆ ರಾಜೀನಾಮೆಯೇ ಬೇಕು? ನಮ್ಮ ಮೇಲಿನ ಪ್ರೀತಿಯಿಂದಂತೂ ಅಲ್ಲ. ಒಂದು ವರ್ಷ ಸತತವಾಗಿ ದುಡಿದ ಕಾರ್ಮಿಕನನ್ನು ತೆಗೆಯಬೇಕಾದರೆ ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲು ಒಂದು ತಿಂಗಳ ಸಂಬಳ ಕೊಡಬೇಕು. ಜೊತೆಗೆ ದುಡಿದ ಪ್ರತಿ ವರ್ಷಕ್ಕೆ 15 ದಿನದ ಸಂಬಳ ಪರಿಹಾರ. ಇದು 1947ರ ಕೈಗಾರಿಕಾ ವಿವಾದ ಕಾಯ್ದೆಯ ಕಾಲದಿಂದ ಇರುವ ಲೆಕ್ಕ, ಹೊಸ ಕೈಗಾರಿಕಾ ಸಂಬಂಧ ಸಂಹಿತೆಯಲ್ಲೂ ಇದೆ. ರಾಜೀನಾಮೆ ಬರೆಸಿಕೊಂಡರೆ ಈ ಪರಿಹಾರ ಉಳಿಯಿತು. ನಮ್ಮ ಭತ್ಯೆಗೆ ಕಂಪನಿ ಒಂದು ಪೈಸೆಯನ್ನೂ ಕೈಯಿಂದ ಕೊಡುವುದಿಲ್ಲ, ಅದು ಇಎಸ್‌ಐ ದುಡ್ಡು. ಆದರೂ ಕೋಡ್ ಬದಲಾಯಿಸಿಕೊಡಿ ಅಂದರೆ ಕೊಡಲಿಲ್ಲ. ಕೊಟ್ಟರೆ ತಾವೇ ತೆಗೆದಿದ್ದು ಎಂದು ಒಪ್ಪಿಕೊಂಡ ಹಾಗಾಗುತ್ತದಲ್ಲ.

ಸಹಿ ಹಾಕದ ಆ ಒಬ್ಬರು ನಮ್ಮಲ್ಲಿ ಎಲ್ಲರಿಗಿಂತ ಹಿರಿಯ ಟರ್ನರ್. ಹಾಸನದ ಕಡೆಯವರು, ನಾವೆಲ್ಲ ಅಣ್ಣ ಅಂತಲೇ ಕರೆಯುತ್ತಿದ್ದೆವು. ಅವರು ಕಾಗದ ಕೈಗೆತ್ತಿಕೊಂಡು, "ನಂಗೆ ವೈಯಕ್ತಿಕ ಕಾರಣ ಯಾವ್ದೂ ಇಲ್ಲ ಮೇಡಂ. ಕೆಲ್ಸ ಇಲ್ಲ ಅಂತ ನೀವೇ ಬರ್ದು ಕೊಡಿ, ಈಗ್ಲೇ ತಗೊಂಡು ಹೋಗ್ತೀನಿ" ಅಂದರಂತೆ. ಒಂದಷ್ಟು ದಿನ ಸತಾಯಿಸಿದರು. ಗೇಟಿನಲ್ಲಿ ನಿಲ್ಲಿಸಿದರು. ಅಣ್ಣ ದಿನವೂ ಶಿಫ್ಟಿನ ಹೊತ್ತಿಗೆ ಹೋಗಿ, ಗೇಟಿನ ಮುಂದೆ ನಿಂತು, "ಬಂದಿದ್ದೇನೆ, ಒಳಗೆ ಬಿಡುತ್ತಿಲ್ಲ" ಎಂದು ಎಚ್‌ಆರ್ ವಾಟ್ಸಾಪಿಗೆ ಒಂದು ಮೆಸೇಜ್ ಹಾಕಿ ಬರುತ್ತಿದ್ದರು. ಇದು ಬಹಳ ಬುದ್ಧಿವಂತಿಕೆಯ ಕೆಲಸ. ಹಾಗೆ ಮಾಡದೆ ಮನೆಯಲ್ಲಿ ಕೂತಿದ್ದರೆ, ಹೇಳದೆ ಕೇಳದೆ ಕೆಲಸ ಬಿಟ್ಟು ಹೋದರು ಎಂದು ಕಂಪನಿ ಬರೆಯಬಹುದಿತ್ತು. ಅದಕ್ಕೂ ಭತ್ಯೆ ಇಲ್ಲ. ಕೊನೆಗೆ ಕಂಪನಿ ಆರ್ಡರ್ ಕೊರತೆಯಿಂದ ಸೇವೆ ಮುಗಿಸಲಾಗಿದೆ ಎಂದು ಲೆಟರ್ ಕೊಟ್ಟಿತು. ಅವರಿಗೆ 90 ದಿನದ ಭತ್ಯೆ ಖಾತೆಗೆ ಬಂತು. ಆ ಲೆಟರ್ ನೋಡಿಯೂ ರಾಜಗೋಪಾಲನಗರದ ಒಂದು ವರ್ಕ್‌ಶಾಪಿನವರು ಅವರನ್ನು ಕೆಲಸಕ್ಕೆ ತೆಗೆದುಕೊಂಡರು. ಬೇರೆ ಕಡೆ ಯಾರೂ ತಗೊಳ್ಳಲ್ಲ ಅನ್ನುವುದು ಬರೀ ಹೆದರಿಸುವ ಮಾತು.

ಎಲ್ಲರಿಗೂ ಅಷ್ಟು ಗಟ್ಟಿಯಾಗಿ ನಿಲ್ಲಲು ಆಗುವುದಿಲ್ಲ, ಗೊತ್ತು. ಸಹಿ ಹಾಕಲೇಬೇಕಾದ ಪರಿಸ್ಥಿತಿ ಬಂದರೆ ಟೈಪ್ ಮಾಡಿದ ಕಾಗದ ಬೇಡ ಅನ್ನಿ. ನಿಮ್ಮ ಕೈಯಲ್ಲಿ ಕನ್ನಡದಲ್ಲೇ ಬರೆಯಿರಿ: "ಕೆಲಸ ಕಡಿಮೆ ಇದೆ, ಬಿಡಬೇಕು ಎಂದು ಕಂಪನಿ ಹೇಳಿದ್ದರಿಂದ ಬಿಡುತ್ತಿದ್ದೇನೆ." ಕೊಡುವ ಮೊದಲು ಫೋಟೋ ತೆಗೆದುಕೊಳ್ಳಿ. ಅದಕ್ಕೂ ಒಪ್ಪದೆ ಅವರ ಕಾಗದಕ್ಕೇ ಸಹಿ ಹಾಕಿಸಿಕೊಂಡರೆ, ಅವತ್ತೇ ಕಂಪನಿಗೆ ಒಂದು ಇಮೇಲ್ ಅಥವಾ ರಿಜಿಸ್ಟರ್ಡ್ ಪೋಸ್ಟ್ ಕಳಿಸಿ, ಒತ್ತಾಯದಿಂದ ಸಹಿ ಹಾಕಿಸಿಕೊಂಡಿದ್ದೀರಿ ಎಂದು. ತಿಂಗಳಾದ ಮೇಲೆ ಹೇಳಿದರೆ ಯಾರೂ ನಂಬುವುದಿಲ್ಲ. ಕೆಲಸ ಕಡಿಮೆಯಾಗಿದೆ ಎಂದು ಸೂಪರ್‌ವೈಸರ್ ಗ್ರೂಪಿನಲ್ಲಿ ಹಾಕಿದ ಮೆಸೇಜ್, ಶಿಫ್ಟ್ ರದ್ದಾದ ನೋಟಿಸ್ ಬೋರ್ಡಿನ ಫೋಟೋ, ಇವನ್ನೆಲ್ಲ ಅಳಿಸಬೇಡಿ. ಗ್ರೂಪಿನಿಂದ ನಿಮ್ಮನ್ನು ತೆಗೆಯುವ ಮೊದಲೇ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

ಗ್ರ್ಯಾಚುಯಿಟಿ ಹೋಗುತ್ತೆ ಅಂತಲೂ ಕೆಲವರನ್ನು ಹೆದರಿಸಿದರು. ಐದು ವರ್ಷ ತುಂಬಿದ್ದರೆ ರಾಜೀನಾಮೆ ಕೊಟ್ಟರೂ ಅದು ಬರುತ್ತದೆ, ಅವರು ತೆಗೆದರೂ ಬರುತ್ತದೆ.

ಕೆಲಸ ಇರುವಾಗಲೇ ನೋಡಿಕೊಳ್ಳಬೇಕಾದದ್ದು ವಂತಿಗೆಯ ದಾಖಲೆ. ಕೆಲಸ ಹೋಗುವ ಮುಂಚೆ ಕನಿಷ್ಠ ಎರಡು ವರ್ಷ ಇಎಸ್‌ಐನಲ್ಲಿ ಇರಬೇಕು. ಏಪ್ರಿಲ್‌ನಿಂದ ಸೆಪ್ಟೆಂಬರ್ ಒಂದು ಅವಧಿ, ಅಕ್ಟೋಬರ್‌ನಿಂದ ಮಾರ್ಚ್ ಇನ್ನೊಂದು. ಕೆಲಸ ಹೋಗುವುದಕ್ಕೆ ಸರಿಯಾಗಿ ಹಿಂದಿನ ಅವಧಿಯಲ್ಲಿ 78 ದಿನ, ಉಳಿದ ಮೂರರಲ್ಲಿ ಯಾವುದಾದರೂ ಒಂದರಲ್ಲಿ ಇನ್ನೊಂದು 78 ದಿನ ವಂತಿಗೆ ಕಟ್ಟಿರಬೇಕು. ನಮ್ಮ ಜೊತೆಗಿದ್ದ ಪ್ಯಾಕಿಂಗ್‌ನ ಹುಡುಗನೊಬ್ಬ ಇಲ್ಲೇ ಸಿಕ್ಕಿಬಿದ್ದ. ಅವನು ಗುತ್ತಿಗೆಯಲ್ಲಿದ್ದ. ಗುತ್ತಿಗೆದಾರ ಬದಲಾದಾಗ ಹೊಸಬ ಅವನ ಹಳೆಯ ನಂಬರ್ ಕೇಳದೆ ಹೊಸ ಇಎಸ್‌ಐ ನಂಬರ್ ಮಾಡಿಸಿದ್ದ. ಅದೇ ಮಷಿನ್, ಅದೇ ಗೇಟು, ಆದರೆ ದಾಖಲೆಯಲ್ಲಿ ಅವನು ಹೊಸಬ. ಎರಡು ವರ್ಷ ತೋರಿಸಲೇ ಇಲ್ಲ. ನಿಮ್ಮ ಸಂಬಳ ಚೀಟಿಯಲ್ಲಿರುವ ನಂಬರ್ ಮೊದಲಿನದೇನಾ ಎಂದು ಒಮ್ಮೆ ನೋಡಿ. ಸಂಬಳದ ಶೇ. 0.75 ನಿಮ್ಮಿಂದ, ಶೇ. 3.25 ಕಂಪನಿಯಿಂದ ಹೋಗಬೇಕು. ಹಿಡಿದ ದುಡ್ಡು ನಿಜವಾಗಿ ಕಟ್ಟಿದ್ದಾರಾ ಎನ್ನುವುದು ಪೋರ್ಟಲ್‌ನಲ್ಲಿ ನಿಮ್ಮ ಲಾಗಿನ್‌ನಲ್ಲೇ ಕಾಣಿಸುತ್ತದೆ.

ಸಂಬಳ 21,000 ದಾಟಿ ಇಎಸ್‌ಐನಿಂದ ಹೊರಗೆ ಹೋದವರಿಗೆ ಈ ಯಾವ ಭತ್ಯೆಯೂ ಇಲ್ಲ. ಅಂಥವರು ಇದನ್ನು ನಂಬಿಕೊಂಡು ಕೂರಬೇಡಿ. ಯುವನಿಧಿ ಅರ್ಜಿ ಹಾಕಿ ಎಂದು ನನಗೂ ಇಬ್ಬರು ಹೇಳಿದರು. ಅದು ಓದು ಮುಗಿಸಿ 180 ದಿನವಾದರೂ ಕೆಲಸ ಸಿಗದ ಪದವಿ, ಡಿಪ್ಲೊಮಾ ಮಾಡಿದವರಿಗೆ. ಇದ್ದ ಕೆಲಸ ಕಳೆದುಕೊಂಡ ನಮ್ಮಂಥವರಿಗೆ ಅಲ್ಲ.

ಬ್ರೋಕರ್‌ಗಳ ಬಗ್ಗೆ ಒಂದು ಮಾತು. ಅರ್ಜಿ ತಿರಸ್ಕಾರವಾದ ಸುದ್ದಿ ಹೇಗೋ ಸೈಬರ್ ಸೆಂಟರಿನವನಿಗೆ ತಿಳಿಯಿತು. "ಬೇರೆ ಲೆಟರ್ ಮಾಡಿ ಮತ್ತೆ ಹಾಕ್ತೀನಿ, ಬಂದದ್ರಲ್ಲಿ ಅರ್ಧ ಕೊಡಿ" ಎಂದ. ಕಂಪನಿಯ ಹೆಸರಲ್ಲಿ ಸುಳ್ಳು ಲೆಟರ್ ಹಾಕುವುದು ಅಂದರೆ ಕ್ರಿಮಿನಲ್ ಕೇಸಿಗೆ ತಲೆ ಕೊಟ್ಟ ಹಾಗೆ. ಸುಳ್ಳು ಹೇಳಿ ಲಾಭ ಪಡೆದರೆ ಆರು ತಿಂಗಳವರೆಗೆ ಜೈಲು ಇದೆ. ಜೈಲಿಗೆ ಹೋಗುವವನು ಸೈಬರ್ ಸೆಂಟರಿನವನಲ್ಲ, ಸಹಿ ಹಾಕಿದವನು. ಅರ್ಜಿಗೆ ಶುಲ್ಕವೇ ಇಲ್ಲ. ಅನುಮಾನ ಇದ್ದರೆ ಇಎಸ್‌ಐ ಉಚಿತ ನಂಬರ್ 1800112526ಕ್ಕೆ ಫೋನ್ ಮಾಡಿ, ಇಲ್ಲವೇ ನೇರವಾಗಿ ಬ್ರಾಂಚ್ ಆಫೀಸಿಗೆ ಹೋಗಿ.

ನಾನು ಈಗ ಕಾರ್ಮಿಕ ಇಲಾಖೆಯಲ್ಲಿ ದೂರು ಕೊಟ್ಟಿದ್ದೇನೆ, ನನ್ನ ಜೊತೆ ಇನ್ನು ಕೆಲವರೂ ಕೊಟ್ಟಿದ್ದಾರೆ. ಮೊದಲ ಸಲ ಕಂಪನಿ ಕಡೆಯಿಂದ ಯಾರೂ ಬರಲಿಲ್ಲ. ಎರಡನೇ ಸಲ ವಕೀಲರು ನಮ್ಮೆಲ್ಲರ ರಾಜೀನಾಮೆಗಳನ್ನು ಒಟ್ಟಿಗೆ ತಂದು ಇಟ್ಟರು. ಅವುಗಳನ್ನು ಪಕ್ಕಪಕ್ಕ ಇಟ್ಟು ನೋಡಿದ ಅಧಿಕಾರಿ, ಎಲ್ಲದರಲ್ಲೂ ಅದೇ ಒಕ್ಕಣೆ, ಅದೇ ತಾರೀಕು ಯಾಕಿದೆ ಎಂದು ಕೇಳಿದರು. ವಕೀಲರು ಉತ್ತರಕ್ಕೆ ಸಮಯ ಕೇಳಿದ್ದಾರೆ. ಒಬ್ಬನೇ ಹೋಗಿದ್ದರೆ ಆ ಪ್ರಶ್ನೆಯೇ ಬರುತ್ತಿರಲಿಲ್ಲ. ನಿಮ್ಮ ಕಂಪನಿಯಲ್ಲೂ ಒಂದೇ ದಿನ ಹೀಗೆ ಸಾಲಾಗಿ ಸಹಿ ಹಾಕಿಸಿಕೊಂಡಿದ್ದರೆ ಜೊತೆಯವರ ಫೋನ್ ನಂಬರ್ ಬಿಡಬೇಡಿ. ದೂರು ಕೊಡುವುದಾದರೆ ಎಲ್ಲರೂ ಒಟ್ಟಿಗೆ ಕೊಡಿ.