ವಿಕ್ಟೋರಿಯಾ ಜಲಪಾತ: ಜಾಂಬಿಯಾ ದಡವೋ, ಜಿಂಬಾಬ್ವೆ ದಡವೋ?

ಮಕ್ಕಳಿಗೆ ಪಾಠ ಹೇಳಲು ಸ್ವಯಂಸೇವಕರಾಗಿ ಜಾಂಬಿಯಾದ ಲಿವಿಂಗ್‌ಸ್ಟನ್‌ಗೆ ಹೊರಟಿದ್ದೀರಾ? ಜಲಪಾತ ಅಲ್ಲಿಂದ ಸುಮಾರು 10 ಕಿ.ಮೀ. ರಜೆ ಒಂದೇ ದಿನ ಅಂದ್ರೆ ಯಾವ ದಡ?

ತಿಂಗಳು ನೋಡಿ. ಜಲಪಾತದ ಅಗಲ 1,708 ಮೀಟರ್. ಅದರ ಮುಕ್ಕಾಲು ಪಾಲು ಕಾಣುವುದು ಜಿಂಬಾಬ್ವೆ ಕಡೆಯಿಂದ. ಅಕ್ಟೋಬರ್, ನವೆಂಬರ್‌ನಲ್ಲಿ ಜಾಂಬಿಯಾ ಕಡೆ ಹೆಚ್ಚಾಗಿ ಬರೀ ಬಂಡೆ, ಬೇಸಿಗೆಯ ಜೋಗದ ಹಾಗೆ. ಆಗ ಎರಡು ದೇಶಗಳ ಗಡಿಯಲ್ಲಿರುವ 1905ರ ಸೇತುವೆ ದಾಟಿ ಆಚೆ ಹೋಗುವುದೇ ಸರಿ. ಆದರೆ ವೀಸಾ ನೋಡಿಕೊಳ್ಳಿ. ಒಂದೇ ಸಲದ ಪ್ರವೇಶಕ್ಕೆ ಕೊಟ್ಟದ್ದಾದರೆ ವಾಪಸ್ ಬರುವಾಗ ಫಜೀತಿ.

ಏಪ್ರಿಲ್‌ನಲ್ಲಿ ಹೊಳೆ ತುಂಬಿರುತ್ತದೆ. ಜಿಂಬಾಬ್ವೆ ಕಡೆ ಎಷ್ಟೋ ಕಡೆ ತುಂತುರೇ ಪರದೆ ಕಟ್ಟುತ್ತದೆ, ನೋಟ ಜಾಸ್ತಿ ಸಿಗಲ್ಲ. ಆಗ ನನ್ನ ವೋಟು ಜಾಂಬಿಯಾಕ್ಕೆ. ಅಲ್ಲಿನ ನೈಫ್ ಎಡ್ಜ್ ಕಾಲುಸೇತುವೆ ಮೇಲೆ ಮಳೆ ಕೆಳಗಿನಿಂದಲೂ ಬರುತ್ತದೆ! ಕೊಡೆ ದಂಡ. ಶೂ ಒಳಗೆಲ್ಲ ಪಚಪಚ. ಮೊಬೈಲನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ.

ಹಾಂ, ಕೈಯಲ್ಲಿ ಬಾಳೆಹಣ್ಣು ಹಿಡಿದು ಓಡಾಡಬೇಡಿ. ಅಲ್ಲಿನ ಬಬೂನ್‌ಗಳು ನಮ್ಮ ಚಾಮುಂಡಿಬೆಟ್ಟದ ಕೋತಿಗಳಿಗಿಂತ ದೊಡ್ಡವು.